ಪಾಲಿಲ್ಲದ ಪಾಲುದಾರಿಕೆ

ವ್ಯಾಪಾರಸ್ಥರ ಭಾಷೆಯಲ್ಲಿ ಪಾಲುದಾರಿಕೆ ಎಂಬ ಶಬ್ದಕ್ಕೆ ನಿಶ್ಚಿತವಾದ ಅರ್ಥವಿದೆ. ಒಂದು ಉದ್ಯಮದ ಲಾಭವನ್ನು ಹಂಚಿಕೊಳ್ಳಲು ಒಡಂಬಟ್ಟವರ ನಡುವಣ ಸಂಬಂಧವನ್ನೇ 1932ರ ಭಾರತೀಯ ಪಾಲುದಾರಿಕೆ ಅಧಿನಿಯಮವು ಪಾಲುದಾರಿಕೆ ಎಂದು ಗುರುತಿಸುತ್ತದೆ. ಪಾಲುದಾರನಿಗೆ ಲಾಭದಲ್ಲಿ ಭಾಗವುಂಟು. ಲೆಕ್ಕದ ಪುಸ್ತಕಗಳನ್ನು ತೆರೆದು ನೋಡುವ ಅಧಿಕಾರವುಂಟು. ವ್ಯವಹಾರದ ಸ್ವರೂಪವನ್ನೇ ಬದಲಿಸುವುದಾದರೆ ಅವನ ಸಮ್ಮತಿ ಬೇಕು. ಈ ಮೂರರಲ್ಲಿ ಒಂದೂ ಇಲ್ಲದವನನ್ನು ಪಾಲುದಾರನೆಂದು ಕರೆದರೆ ಪೇಟೆಯ ಗುಮಾಸ್ತನೂ ನಕ್ಕಾನು.

ಆದರೆ ಈಚಿನ ವರ್ಷಗಳಲ್ಲಿ ಈ ಶಬ್ದವು ಬೇರೊಂದು ಬಗೆಯಲ್ಲಿ ಚಲಾವಣೆಗೆ ಬಂದಿದೆ. ನೆಲದಡಿಯಲ್ಲಿ ಕೊಳವೆ ಹೂತು ನೈಸರ್ಗಿಕ ಅನಿಲವನ್ನು ಸಾಗಿಸುವ ಉದ್ಯಮದ ಮಾತುಗಳಲ್ಲಿ, ಕೊಳವೆ ಹಾದುಹೋದ ಊರುಗಳ ಜನರು ‘ಪಾಲುದಾರರು’, ‘ಭಾಗೀದಾರರು’ ಎನಿಸಿಕೊಳ್ಳುತ್ತಾರೆ. ಶಾಲೆಗೊಂದು ಶೌಚಾಲಯ, ಊರಿಗೊಂದು ಶುದ್ಧ ನೀರಿನ ಘಟಕ, ಮಕ್ಕಳಿಗೆ ಪುಸ್ತಕದ ಚೀಲ: ಇವೆಲ್ಲ ಈ ಪಾಲುದಾರಿಕೆಯ ಫಲವೆಂದು ವರ್ಣಿಸಲಾಗುತ್ತದೆ. ಇವು ಒಳ್ಳೆಯ ಕೆಲಸಗಳೇ. ಆದರೆ ಇವುಗಳ ಹೆಸರು ದಾನ. ದಾನವನ್ನು ಪಾಲು ಎಂದು ಬರೆದುಕೊಳ್ಳುವುದು ಲೆಕ್ಕದಲ್ಲಿ ತಪ್ಪು, ನೀತಿಯಲ್ಲಿ ಅದಕ್ಕಿಂತ ದೊಡ್ಡ ತಪ್ಪು.

ಬೆಂಗಳೂರಿನ ವಾಯವ್ಯಕ್ಕೆ, ತುಮಕೂರು ರಸ್ತೆಯಲ್ಲಿ, ಪೀಣ್ಯ ದಾಟಿ ನೆಲಮಂಗಲ ಮುಟ್ಟುವ ಮುನ್ನ ಸಿಗುವ ಮಾದನಾಯಕನಹಳ್ಳಿಯನ್ನು ನೋಡಬಹುದು. ಹಿಂದೆ ರಾಗಿ, ಅವರೆ ಬೆಳೆಯುತ್ತಿದ್ದ ಹೊಲಗಳಲ್ಲಿ ಇಂದು ಶೆಡ್ಡುಗಳೂ ಗೋದಾಮುಗಳೂ ಎದ್ದಿವೆ. ಇಲ್ಲಿ ಜಾಗವುಳ್ಳವನು ಲೆಕ್ಕ ಬಲ್ಲವನು. ಶೆಡ್ಡನ್ನು ಬಾಡಿಗೆಗೆ ಕೊಡುವಾಗ ಅಡ್ವಾನ್ಸ್ ಕೇಳುತ್ತಾನೆ, ಹನ್ನೊಂದು ತಿಂಗಳ ಕರಾರು ಬರೆಸುತ್ತಾನೆ, ನವೀಕರಿಸುವಾಗ ಬಾಡಿಗೆ ಏರಿಸುತ್ತಾನೆ. ತಾರಸಿಯ ಮೇಲೆ ಮೊಬೈಲ್ ಟವರ್ ನಿಲ್ಲಿಸಲು ಬಂದವರೊಡನೆಯೂ ಬಾಡಿಗೆಯ ಮಾತೇ ಆಡುತ್ತಾನೆ. ‘ತಾರಸಿಯ ಬೆಲೆಯಲ್ಲಿ ಹತ್ತರಲ್ಲೊಂದು ಪಾಲನ್ನು ಒಂದೇ ಸಲ ಕೊಡುತ್ತೇವೆ, ಟವರ್ ಇರುವಷ್ಟು ಕಾಲವೂ ನೀನು ಅಲ್ಲಿ ಕೋಣೆ ಕಟ್ಟಕೂಡದು, ತೊಟ್ಟಿ ಇಡಕೂಡದು, ನಿನ್ನ ಒಪ್ಪಿಗೆಯೂ ನಮಗೆ ಬೇಕಾಗಿಲ್ಲ’ ಎಂದು ಯಾರಾದರೂ ಹೇಳಿದರೆ ಅವರನ್ನು ಮೆಟ್ಟಿಲಿಳಿಸಿ ಕಳಿಸುತ್ತಾನೆ.

ತಾರಸಿಯ ವಿಷಯದಲ್ಲಿ ಯಾರೂ ಒಪ್ಪದ ಈ ಕರಾರೇ, ಅನಿಲದ ಕೊಳವೆ ಹಾದುಹೋಗುವ ಹೊಲದ ವಿಷಯದಲ್ಲಿ ದೇಶದ ಶಾಸನವಾಗಿದೆ.

ಆ ಶಾಸನದ ಹೆಸರು ಪೆಟ್ರೋಲಿಯಂ ಮತ್ತು ಖನಿಜಗಳ ಕೊಳವೆಮಾರ್ಗ (ಭೂಮಿಯ ಬಳಕೆಯ ಹಕ್ಕಿನ ಸ್ವಾಧೀನ) ಅಧಿನಿಯಮ, 1962. ಇದರಡಿ ಭೂಮಿಯ ಒಡೆತನವು ರೈತನಲ್ಲಿಯೇ ಉಳಿಯುತ್ತದೆ. ಬಳಕೆಯ ಹಕ್ಕು ಮಾತ್ರ ಕೇಂದ್ರ ಸರ್ಕಾರಕ್ಕೋ ಅದು ಸೂಚಿಸಿದ ಸಂಸ್ಥೆಗೋ ಸೇರುತ್ತದೆ. ಅಧಿಸೂಚನೆ ಹೊರಟ 21 ದಿನಗಳೊಳಗೆ ರೈತನು ಲಿಖಿತ ಆಕ್ಷೇಪಣೆ ಸಲ್ಲಿಸಬಹುದು. ಸಕ್ಷಮ ಪ್ರಾಧಿಕಾರಿ ಅದನ್ನು ಕೇಳಬೇಕು, ಆದರೆ ಒಪ್ಪಬೇಕೆಂದಿಲ್ಲ. ಹಕ್ಕು ಸ್ವಾಧೀನವಾದ ಪಟ್ಟಿಯ ಅಗಲ ಸಾಮಾನ್ಯವಾಗಿ 20 ಮೀಟರಿನವರೆಗೂ ಇರುತ್ತದೆ. ಅದರ ಮೇಲೆ ಮನೆ ಕಟ್ಟುವಂತಿಲ್ಲ, ಬಾವಿ ತೋಡುವಂತಿಲ್ಲ, ಕೆರೆಕಟ್ಟೆ ಮಾಡುವಂತಿಲ್ಲ, ಮರ ನೆಡುವಂತಿಲ್ಲ. ಇಷ್ಟಕ್ಕೆ ಪ್ರತಿಯಾಗಿ, ಬೆಳೆ ಮುಂತಾದವುಗಳ ನಷ್ಟದ ಜೊತೆಗೆ, ಆ ಪಟ್ಟಿಯ ಮಾರುಕಟ್ಟೆ ಬೆಲೆಯ ಶೇಕಡಾ 10ರಷ್ಟು ಹಣ. ಅದೂ ಒಂದೇ ಸಲ. ಬೆಲೆಯನ್ನು ಅಳೆಯುವುದು ಮೊದಲ ಅಧಿಸೂಚನೆಯ ದಿನದ ಮಟ್ಟದಲ್ಲಿ.

ಈ ಕಾಯಿದೆಯಲ್ಲಿ ಒಂದು ದಯೆಯೂ ಇದೆ. ವಾಸಕ್ಕೆ ಬಳಕೆಯಲ್ಲಿರುವ ಭೂಮಿಯ ಅಡಿಯಲ್ಲಿ, ಶಾಶ್ವತ ಕಟ್ಟಡವಿರುವ ಕಡೆ, ಮನೆಗೆ ಹೊಂದಿದ ಹಿತ್ತಲಿನಲ್ಲಿ ಕೊಳವೆ ಹೂಳಕೂಡದು. ಮೇಲ್ಮೈಯಿಂದ ಒಂದು ಮೀಟರಿಗಿಂತ ಕಡಿಮೆ ಆಳದಲ್ಲಿ ಎಲ್ಲಿಯೂ ಹೂಳಕೂಡದು. ಅಂದರೆ ಇಟ್ಟಿಗೆಯ ಮೇಲೆ ಶಾಸನಕ್ಕೆ ಗೌರವವಿದೆ. ಮಣ್ಣನ್ನಷ್ಟೇ ನಂಬಿದವನಿಗೆ ಆ ರಕ್ಷಣೆ ಇಲ್ಲ. ಮಾದನಾಯಕನಹಳ್ಳಿಯ ಶೆಡ್ಡಿಗೆ ದೊರೆಯುವ ರಕ್ಷೆ ಹಿರಿಯೂರಿನ ಕಡೆಯ ಹೊಲಕ್ಕೆ ದೊರೆಯುವುದಿಲ್ಲ.

ಮಹಾರಾಷ್ಟ್ರದ ದಾಭೋಳ್‌ನಿಂದ ಬೆಂಗಳೂರಿಗೆ ಬರುವ ಗೇಲ್ ಸಂಸ್ಥೆಯ ಕೊಳವೆಮಾರ್ಗವು 2013ರಲ್ಲಿ ಕಾರ್ಯಾರಂಭ ಮಾಡಿತು. ಬೆಳಗಾವಿ, ಧಾರವಾಡ, ದಾವಣಗೆರೆ, ಚಿತ್ರದುರ್ಗ, ತುಮಕೂರು ಜಿಲ್ಲೆಗಳನ್ನು ಹಾದು, ಸುಮಾರು ಸಾವಿರ ಕಿಲೋಮೀಟರ್ ದೂರ ಕ್ರಮಿಸಿ ಅದು ರಾಜಧಾನಿಯ ಅಂಚಿಗೆ ಬರುತ್ತದೆ. ಕೊಚ್ಚಿಯಿಂದ ಕಾಸರಗೋಡಿನ ಮೂಲಕ ಮಂಗಳೂರಿಗೆ ಬರುವ 450 ಕಿಲೋಮೀಟರ್‌ನ ಇನ್ನೊಂದು ಮಾರ್ಗವು 2021ರ ಜನವರಿ 5ರಂದು ಉದ್ಘಾಟನೆಯಾಯಿತು. ಈ ಅನಿಲದಿಂದ ಬಾಯ್ಲರುಗಳು ಕಾಯುತ್ತವೆ, ಆಟೋಗಳು ಓಡುತ್ತವೆ, ನಗರದ ಅಡಿಗೆಮನೆಗಳಲ್ಲಿ ಒಲೆ ಉರಿಯುತ್ತದೆ. ಕಲ್ಲಿದ್ದಲಿಗಿಂತಲೂ ಫರ್ನೇಸ್ ಆಯಿಲ್‌ಗಿಂತಲೂ ಇದರ ಹೊಗೆ ಕಡಿಮೆ. ವಾಯುಕಾಯ ಜೀವಗಳ ಮಾತನ್ನು ನಂಬುವವರು ಈ ಗುಣವನ್ನು ಅಲ್ಲಗಳೆಯಬೇಕಾಗಿಲ್ಲ. ಕೊಳವೆ ಬೇಡವೆಂಬುದು ಇಲ್ಲಿಯ ವಾದವಲ್ಲ. ಅದರ ಲೆಕ್ಕ ಸರಿಯಿಲ್ಲ ಎಂಬುದಷ್ಟೇ ವಾದ.

ಲೆಕ್ಕವನ್ನೇ ಬಿಡಿಸಿ ನೋಡುವುದು ಲೇಸು. ಒಂದೆಕರೆಯ ಚೌಕಾಕಾರದ ಹೊಲವಿದೆ ಎಂದು ಇಟ್ಟುಕೊಂಡರೆ ಅದರ ಒಂದು ಬದಿ ಸುಮಾರು 63 ಮೀಟರ್. ಅದರ ನಡುವೆ 20 ಮೀಟರ್ ಅಗಲದ ಪಟ್ಟಿ ಹಾದುಹೋದರೆ ಹನ್ನೆರಡೂವರೆ ಗುಂಟೆಯಷ್ಟು ನೆಲ ಅದರಡಿ ಬರುತ್ತದೆ. ಎಕರೆಗೆ 20 ಲಕ್ಷ ರೂಪಾಯಿ ಬೆಲೆಯೆಂದು ಹಿಡಿದರೆ ಆ ಪಟ್ಟಿಯ ಬೆಲೆ 6 ಲಕ್ಷದ 25 ಸಾವಿರ. ರೈತನಿಗೆ ಬಳಕೆಯ ಹಕ್ಕಿಗೆಂದು ಸಿಗುವುದು 62,500 ರೂಪಾಯಿ. ಅಲ್ಲಿಗೆ ಅವನ ಖಾತೆ ಮುಗಿಯಿತು. ಮಗನಿಗೆ ಮನೆ ಕಟ್ಟಬೇಕೆಂದರೂ ತೆಂಗಿನ ಸಾಲು ಹಾಕಬೇಕೆಂದರೂ ಆ ಪಟ್ಟಿ ಇಲ್ಲವೆಂದೇ ತಿಳಿಯಬೇಕು. ಜಾಗ ಕೊಳ್ಳಲು ಬಂದವನು ಹಳದಿ ಗುರುತಿನ ಕಲ್ಲು ಕಂಡೊಡನೆ ಬೆಲೆ ಇಳಿಸುತ್ತಾನೆ. ಆ ಇಳಿಕೆಯು ಪಟ್ಟಿಗಷ್ಟೇ ನಿಲ್ಲದೆ ಇಡೀ ಹೊಲಕ್ಕೆ ತಗಲುತ್ತದೆ.

ಈಗ ಅದೇ ಪುಸ್ತಕದ ಇನ್ನೊಂದು ಬದಿ. ಕೊಳವೆಮಾರ್ಗದ ಸಾಗಣೆ ದರವನ್ನು ಗೊತ್ತುಮಾಡುವುದು 2006ರ ಅಧಿನಿಯಮದಿಂದ ರಚಿತವಾದ ಪೆಟ್ರೋಲಿಯಂ ಮತ್ತು ನೈಸರ್ಗಿಕ ಅನಿಲ ನಿಯಂತ್ರಣ ಮಂಡಳಿ. ಮಂಡಳಿಯ 2008ರ ನಿಯಮಾವಳಿಯು, ಕೊಳವೆಗೆ ತೊಡಗಿಸಿದ ಬಂಡವಾಳದ ಮೇಲೆ ತೆರಿಗೆ ಕಳೆದು ಶೇಕಡಾ 12ರ ಪ್ರತಿಫಲವನ್ನು ನ್ಯಾಯವಾದುದೆಂದು ಅಂಗೀಕರಿಸಿ ದರವನ್ನು ಲೆಕ್ಕಹಾಕುತ್ತದೆ. ಆ ಪ್ರತಿಫಲ ಪ್ರತಿವರ್ಷದ್ದು. ಕೊಳವೆಯ ಆಯುಸ್ಸು ಇರುವವರೆಗಿನದು. ಬಂಡವಾಳ ಹೂಡಿದವನಿಗೆ ಪ್ರತಿಫಲ ಸಿಗಬಾರದೆಂದು ವ್ಯಾಪಾರ ಬಲ್ಲವರಾರೂ ಹೇಳಲಾರರು. ಆದರೆ ಉಕ್ಕಿನ ರೂಪದಲ್ಲಿ ಹೂಡಿದ ನೂರು ರೂಪಾಯಿಗೆ ವರ್ಷವರ್ಷವೂ ಹನ್ನೆರಡು, ನೆಲದ ರೂಪದಲ್ಲಿ ತೆತ್ತ ನೂರು ರೂಪಾಯಿಗೆ ಆಜೀವಪರ್ಯಂತ ಹತ್ತು ಎಂದರೆ ಇದು ಯಾವ ತಕ್ಕಡಿ? ಬಂಡವಾಳದ ಒಂದು ವರ್ಷದ ಪ್ರತಿಫಲದಷ್ಟೂ ನೆಲಕ್ಕೆ ಇಡೀ ಕಾಲಕ್ಕೆ ದೊರೆಯದು. ನೆಲದಲ್ಲಿ ಉಳುವ ಅವಕಾಶ ರೈತನಿಗೆ ಉಳಿದಿದೆ ಎಂಬುದನ್ನು ಲೆಕ್ಕಕ್ಕೆ ಹಿಡಿದರೂ ಈ ಅಂತರವು ಮುಚ್ಚುವುದಿಲ್ಲ.

ಅಚೌರ್ಯಾಣುವ್ರತದ ಅತಿಚಾರಗಳನ್ನು ಬಲ್ಲ ಶ್ರಾವಕರಿಗೆ ಇದನ್ನು ವಿವರಿಸಬೇಕಾಗಿಲ್ಲ. ಕೊಳ್ಳುವಾಗ ಒಂದು ಅಳತೆ, ಕೊಡುವಾಗ ಇನ್ನೊಂದು ಅಳತೆ ಇಟ್ಟುಕೊಳ್ಳುವುದನ್ನು ಆಚಾರ್ಯರು ಕಳ್ಳತನದ ಬಳಿಯಲ್ಲಿಯೇ ಕೂರಿಸಿದ್ದಾರೆ. ಕೊಡದಿರುವುದನ್ನು ತೆಗೆದುಕೊಳ್ಳುವುದಕ್ಕೆ ಅದತ್ತಾದಾನವೆಂದು ಹೆಸರು. ಸರ್ಕಾರದ ಶಾಸನವು ಒಂದು ಕ್ರಿಯೆಯನ್ನು ಅಪರಾಧಗಳ ಪಟ್ಟಿಯಿಂದ ಹೊರಗಿಡಬಹುದು. ಕೊಟ್ಟವನ ಮನಸ್ಸಿಲ್ಲದೆ ಪಡೆದದ್ದನ್ನು ದತ್ತವನ್ನಾಗಿ ಮಾಡಲು ಶಾಸನಕ್ಕೂ ಶಕ್ತಿಯಿಲ್ಲ.

1962ರಲ್ಲಿ ದೇಶಕ್ಕೆ ಎಣ್ಣೆಯ ಕೊಳವೆಗಳು ಹೊಸವು, ತುರ್ತು ಇತ್ತು, ಹಾಗಾಗಿ ಹತ್ತರ ದರ ಬಂತು ಎಂದು ಒಪ್ಪೋಣವೆಂದರೆ, ಶಾಸನವು ಅಲ್ಲಿಯೇ ನಿಂತಿಲ್ಲ. 1977ರಲ್ಲಿ ತಿದ್ದುಪಡಿಯಾಗಿ ಖನಿಜಗಳ ಕೊಳವೆಗಳೂ ಅದರೊಳಗೆ ಬಂದವು. 2011ರಲ್ಲಿ ಮತ್ತೆ ತಿದ್ದುಪಡಿಯಾಗಿ ಕೊಳವೆಗೆ ಕನ್ನ ಹಾಕುವವರ, ಹಾನಿ ಮಾಡುವವರ ಶಿಕ್ಷೆಯನ್ನು ಬಹಳವಾಗಿ ಹೆಚ್ಚಿಸಲಾಯಿತು. ಉಕ್ಕಿನ ರಕ್ಷಣೆಗೆ ಸಂಸತ್ತಿಗೆ ಸಮಯ ದೊರೆಯಿತು. ಹತ್ತರ ದರವನ್ನು ಮುಟ್ಟಲು ಎರಡೂ ಸಲ ದೊರೆಯಲಿಲ್ಲ. ವಿದ್ಯುತ್ ತಂತಿಗಳ ಕಥೆ ಬೇರೆ. ಹೈಟೆನ್ಷನ್ ತಂತಿಯ ಕೆಳಗಿನ ಪಟ್ಟಿಗೆ ಭೂಮಿಯ ಬೆಲೆಯ ಶೇಕಡಾ 15ರವರೆಗೆ ಪರಿಹಾರವೆಂದು ಕೇಂದ್ರ ಇಂಧನ ಸಚಿವಾಲಯವು 2015ರಲ್ಲಿ ಮಾರ್ಗಸೂಚಿ ಹೊರಡಿಸಿತ್ತು. 2024ರ ಜೂನ್‌ನಲ್ಲಿ ಅದನ್ನು ಶೇಕಡಾ 30ಕ್ಕೆ ಏರಿಸಿ, ಗೋಪುರ ನಿಲ್ಲುವ ಜಾಗಕ್ಕೆ ಬೆಲೆಯ ಇಮ್ಮಡಿಯನ್ನು ಸೂಚಿಸಿತು. ತಲೆಯ ಮೇಲೆ ಹೋಗುವ ತಂತಿಗೆ ಮೂವತ್ತು, ಕಾಲ ಕೆಳಗೆ ಹೋಗುವ ಅನಿಲಕ್ಕೆ ಹತ್ತು!

ಒಮ್ಮೆಗೇ ಕೊಡುವ ಬದಲು ವರ್ಷವರ್ಷವೂ ಕೊಡುವುದು ಆಡಳಿತಕ್ಕೆ ಅಸಾಧ್ಯವೆಂಬ ಮಾತೂ ಕೇಳಿಬರುತ್ತದೆ. ಅಸಾಧ್ಯವೆನ್ನುವವರು ಮಾದನಾಯಕನಹಳ್ಳಿಯಿಂದ ಅದೇ ತುಮಕೂರು ರಸ್ತೆ ಹಿಡಿದು ಪಾವಗಡಕ್ಕೆ ಹೋಗಿಬರಬೇಕು. ಅಲ್ಲಿಯ 2,050 ಮೆಗಾವಾಟ್‌ನ ಸೌರ ಉದ್ಯಾನಕ್ಕೆ ತಿರುಮಣಿ, ವಳ್ಳೂರು ಮುಂತಾದ ಊರುಗಳ ಸುಮಾರು 13 ಸಾವಿರ ಎಕರೆ ಭೂಮಿಯನ್ನು ರೈತರಿಂದ ಕೊಳ್ಳದೆ ಗುತ್ತಿಗೆಗೆ ಪಡೆಯಲಾಯಿತು. ಎಕರೆಗೆ ವರ್ಷಕ್ಕೆ 21 ಸಾವಿರ ರೂಪಾಯಿ. ಎರಡು ವರ್ಷಕ್ಕೊಮ್ಮೆ ಶೇಕಡಾ 5ರ ಏರಿಕೆ. ಅಲ್ಲಿ ಎಲ್ಲವೂ ಸುಖವೆಂದಲ್ಲ: ಭೂಮಿಯಿಲ್ಲದ ಕೂಲಿಕಾರರಿಗೆ ಕೆಲಸ ಹೋಯಿತು, ಕುರಿ ಮೇಯಿಸುವವರಿಗೆ ಬಯಲು ಹೋಯಿತು, ಗುತ್ತಿಗೆಯ ಹಣ ಅವರ ಕೈಗೆ ಬರಲಿಲ್ಲ. ಮತ್ತು ಅಲ್ಲಿ ರೈತ ಉಳುವಂತಿಲ್ಲ, ಕೊಳವೆಯ ಮೇಲೆ ಉಳಬಹುದು. ಆದ್ದರಿಂದ ಅದೇ ಮೊತ್ತವನ್ನು ಇಲ್ಲಿಯೂ ಕೇಳುವುದು ನ್ಯಾಯವಾಗದು. ಆದರೆ ಸಾವಿರಾರು ರೈತರಿಗೆ ವರ್ಷವರ್ಷವೂ ಹಣ ಮುಟ್ಟಿಸುವುದು ಕರ್ನಾಟಕದಲ್ಲಿಯೇ ಸಾಧ್ಯವಾಗಿದೆ.

ಪರಿಹಾರವನ್ನು ಯಾವ ದಿನದ ಬೆಲೆಯಲ್ಲಿ ಅಳೆಯಬೇಕೆಂಬ ಪ್ರಶ್ನೆಯೂ ಈ ಊರಿನ ಸುತ್ತ ಹೊಸದಲ್ಲ. ತುಮಕೂರು ರಸ್ತೆಯಿಂದ ಹೊಸೂರು ರಸ್ತೆಗೆ ಹೋಗುವ ನೈಸ್ ರಸ್ತೆಯು ಮಾದನಾಯಕನಹಳ್ಳಿಯ ಆಸುಪಾಸಿನಿಂದಲೇ ಹೊರಡುತ್ತದೆ. ಅದು ಸೇರಿರುವ ಬೆಂಗಳೂರು–ಮೈಸೂರು ಯೋಜನೆಗೆ 2003ರಲ್ಲಿ ಅಧಿಸೂಚನೆಗೊಂಡ ಕೆಲವರ ಭೂಮಿಗೆ ಪರಿಹಾರದ ತೀರ್ಪು ಹೊರಟದ್ದು 2019ರಲ್ಲಿ. 2025ರ ಜನವರಿ 2ರಂದು ಸುಪ್ರೀಂ ಕೋರ್ಟು, ಹಳೆಯ ಬೆಲೆಯನ್ನು ಬಿಟ್ಟು 2019ರ ಏಪ್ರಿಲ್‌ನ ಮಾರುಕಟ್ಟೆ ಬೆಲೆಯಂತೆ ಪರಿಹಾರ ಗೊತ್ತುಮಾಡಬೇಕೆಂದು ಆದೇಶಿಸಿತು. ತಡವಾಗಿ ಕೊಟ್ಟ ಹಣ ಅಷ್ಟೇ ಹಣವಲ್ಲವೆಂಬುದನ್ನು ಬಡ್ಡಿ ಬಲ್ಲ ಯಾವ ವ್ಯಾಪಾರಿಗೂ ನ್ಯಾಯಾಲಯ ತಿಳಿಸಬೇಕಾಗಿರಲಿಲ್ಲ.

ಸಮ್ಮತಿಯ ಪ್ರಶ್ನೆಗೆ ಬಂದರೆ ಸ್ಥಿತಿ ಇನ್ನೂ ಶೋಚನೀಯ. ಆದಿವಾಸಿಗಳು ಬಹುಸಂಖ್ಯೆಯಲ್ಲಿರುವ, ಸಂವಿಧಾನದ ಐದನೆಯ ಅನುಸೂಚಿಗೆ ಸೇರಿದ ಪ್ರದೇಶಗಳಲ್ಲಿ 1996ರ ಪೆಸಾ ಶಾಸನವು ಗ್ರಾಮಸಭೆಗೆ ಒಂದಿಷ್ಟು ಧ್ವನಿ ಕೊಟ್ಟಿದೆ. ಕರ್ನಾಟಕದಲ್ಲಿ ಅಂಥ ಅನುಸೂಚಿತ ಪ್ರದೇಶವೇ ಇಲ್ಲ. 2011ರ ಜನಗಣತಿಯಂತೆ ರಾಜ್ಯದಲ್ಲಿ ಪರಿಶಿಷ್ಟ ಪಂಗಡದವರು 42 ಲಕ್ಷಕ್ಕೂ ಹೆಚ್ಚು. ಕೊಳವೆ ಹಾದುಹೋಗುವ ಚಿತ್ರದುರ್ಗ ಜಿಲ್ಲೆಯಲ್ಲಿ ಅವರ ಪ್ರಮಾಣ ಶೇಕಡಾ 18ರಷ್ಟು. ಆದರೂ ಪೆಸಾ ಇಲ್ಲಿಗೆ ಮುಟ್ಟುವುದಿಲ್ಲ. ಇನ್ನು ಅರಣ್ಯ ಭೂಮಿ. ಅರಣ್ಯವನ್ನು ಅನ್ಯ ಕಾರ್ಯಕ್ಕೆ ಬಿಟ್ಟುಕೊಡುವ ಮುನ್ನ ಗ್ರಾಮಸಭೆಯ ಒಪ್ಪಿಗೆ ಬೇಕೆಂದು ಕೇಂದ್ರ ಪರಿಸರ ಸಚಿವಾಲಯವು 2009ರ ಆಗಸ್ಟ್‌ನಲ್ಲಿ ಹೇಳಿತ್ತು. 2013ರ ಫೆಬ್ರವರಿ 5ರಂದು ಅದೇ ಸಚಿವಾಲಯವು ರಸ್ತೆ, ಕಾಲುವೆ, ತಂತಿ ಮತ್ತು ಕೊಳವೆಮಾರ್ಗಗಳಿಗೆ, ಅತಿ ದುರ್ಬಲ ಬುಡಕಟ್ಟುಗಳ ಮಾನ್ಯವಾದ ಹಕ್ಕುಗಳಿಗೆ ಧಕ್ಕೆಯಾಗದಿದ್ದರೆ, ಆ ಒಪ್ಪಿಗೆ ಬೇಕಾಗಿಲ್ಲವೆಂದಿತು. ಮಾರ್ಗ ಉದ್ದವಾಗಿದೆ, ಊರುಗಳು ಅನೇಕವಾಗಿವೆ ಎಂಬುದು ಕಾರಣ. ಕೇಳಬೇಕಾದವರು ಹೆಚ್ಚಾಗಿದ್ದಾರೆ ಎಂಬ ಕಾರಣಕ್ಕೇ ಯಾರನ್ನೂ ಕೇಳದಿರುವುದು ವಿಚಿತ್ರವಾದ ತರ್ಕ.

ಹೊರದೇಶದಲ್ಲಿ ಈ ‘ಪಾಲುದಾರಿಕೆ’ ಎಂಬ ಶಬ್ದಕ್ಕೆ ಏನಾಯಿತೆಂಬುದು ತಿಳಿಯತಕ್ಕ ವಿಷಯ. ಮೂಲನಿವಾಸಿಗಳ ಹಕ್ಕುಗಳ ಘೋಷಣೆಯನ್ನು ವಿಶ್ವಸಂಸ್ಥೆಯು 2007ರ ಸೆಪ್ಟೆಂಬರ್ 13ರಂದು 144 ಮತಗಳಿಂದ ಅಂಗೀಕರಿಸಿತು. ವಿರುದ್ಧ ಬಿದ್ದ ನಾಲ್ಕು ಮತಗಳಲ್ಲಿ ಒಂದು ಕೆನಡಾದ್ದು. ಭಾರತವು ಪರವಾಗಿ ಮತ ಹಾಕಿತು. ಜೊತೆಗೆ ಭಾರತೀಯರೆಲ್ಲರೂ ಮೂಲನಿವಾಸಿಗಳೇ ಎಂಬ ನಿಲುವನ್ನೂ ಇಟ್ಟುಕೊಂಡಿತು. ಎಲ್ಲರೂ ಮೂಲನಿವಾಸಿಗಳಾದ ಮೇಲೆ ಆ ಘೋಷಣೆಯ ಸಮ್ಮತಿಯ ಹಕ್ಕು ಎಲ್ಲರಿಗೂ ಬರಬೇಕಷ್ಟೆ. ಇಲ್ಲಿ ಯಾರಿಗೂ ಬರಲಿಲ್ಲ. ವಿರುದ್ಧ ಮತ ಹಾಕಿದ ಕೆನಡಾ ತನ್ನ ನಿಲುವನ್ನು ಬದಲಿಸಿ 2021ರಲ್ಲಿ ಆ ಘೋಷಣೆಗೆ ಶಾಸನದ ಬೆಂಬಲ ಕೊಟ್ಟಿತು. ಅಲ್ಲಿಯ ಬ್ರಿಟಿಷ್ ಕೊಲಂಬಿಯಾದಲ್ಲಿ 670 ಕಿಲೋಮೀಟರ್‌ನ ಕೋಸ್ಟಲ್ ಗ್ಯಾಸ್‌ಲಿಂಕ್ ಅನಿಲ ಕೊಳವೆಗೆ ಮಾರ್ಗದುದ್ದಕ್ಕಿರುವ 20 ಮೂಲನಿವಾಸಿ ಸಮುದಾಯಗಳ ಚುನಾಯಿತ ಮಂಡಳಿಗಳೊಡನೆ ಒಪ್ಪಂದಗಳಾದವು. 2022ರ ಮಾರ್ಚ್‌ನಲ್ಲಿ ಅವುಗಳಲ್ಲಿ 16 ಸಮುದಾಯಗಳಿಗೆ ಕೊಳವೆಯ ಒಡೆತನದಲ್ಲಿ ಶೇಕಡಾ 10ನ್ನು ಕೊಳ್ಳುವ ಆಯ್ಕೆ ಕೊಡಲಾಯಿತು. ಅದೇ ವರ್ಷ ಅಲ್ಬರ್ಟಾದಲ್ಲಿ 23 ಸಮುದಾಯಗಳು ಏಳು ಕೊಳವೆಮಾರ್ಗಗಳಲ್ಲಿ ಶೇಕಡಾ 11.57ರ ಪಾಲನ್ನು 112 ಕೋಟಿ ಡಾಲರಿಗೆ ಕೊಂಡವು. ಅಲ್ಲಿಯೂ ಹತ್ತು, ಇಲ್ಲಿಯೂ ಹತ್ತು. ಅಲ್ಲಿಯದು ಉದ್ಯಮದ ಹತ್ತು, ಇಲ್ಲಿಯದು ಸವೆದುಹೋಗುವ ಹತ್ತು.

ಕೆನಡಾವನ್ನು ಆದರ್ಶವೆಂದು ಹೊಗಳಲೂ ಆಗದು. ವೆಟ್‌ಸುವೆಟೆನ್ ಸಮುದಾಯದ ವಂಶಪಾರಂಪರ್ಯದ ಮುಖಂಡರು ಆ ಕೊಳವೆಗೆ ಒಪ್ಪಲಿಲ್ಲ. 2019ರಲ್ಲಿಯೂ 2020ರಲ್ಲಿಯೂ ಪೊಲೀಸರು ಅವರ ನೆಲೆಗೆ ನುಗ್ಗಿ ಬಂಧಿಸಿದರು. ದೇಶದ ರೈಲುಗಳು ವಾರಗಟ್ಟಲೆ ನಿಂತವು. ಪಾಲು ಕೊಟ್ಟರೂ ಯಾರ ಒಪ್ಪಿಗೆ ಪಡೆಯಬೇಕೆಂಬುದನ್ನು ತಪ್ಪಿದರೆ ಹೀಗಾಗುತ್ತದೆ. ಕೊಡುವ ಪಾಲೂ ಪುಕ್ಕಟೆಯಲ್ಲ, ಸಾಲ ಮಾಡಿ ಕೊಳ್ಳಬೇಕಾದುದು. ಆದರೂ ಅಲ್ಲಿ ವಾದ ನಡೆಯುತ್ತಿರುವುದು ಪಾಲಿನ ಬಗ್ಗೆ. ಇಲ್ಲಿ ವಾದ ಇನ್ನೂ ಬೆಳೆನಷ್ಟದ ಪಟ್ಟಿಯಲ್ಲಿಯೇ ನಿಂತಿದೆ.

ರಾಷ್ಟ್ರಹಿತಕ್ಕಾಗಿ ಕೆಲವರು ತ್ಯಾಗ ಮಾಡಬೇಕಾಗುತ್ತದೆ ಎಂಬ ಉತ್ತರ ಸಿದ್ಧವಾಗಿರುತ್ತದೆ. ತ್ಯಾಗದ ಅರ್ಥವನ್ನು ಜೈನರಿಗೆ ಬೇರೆಯವರು ಕಲಿಸಬೇಕಾಗಿಲ್ಲ. ತಾನಾಗಿ ಬಿಟ್ಟದ್ದು ತ್ಯಾಗ. ಇನ್ನೊಬ್ಬರು ಬಿಡಿಸಿದ್ದಕ್ಕೆ ಆ ಹೆಸರಿಲ್ಲ. ತಮಿಳುನಾಡಿನ ಕೊಯಮತ್ತೂರು, ಈರೋಡು, ಸೇಲಂ, ಕೃಷ್ಣಗಿರಿ ಸೇರಿದಂತೆ ಏಳು ಜಿಲ್ಲೆಗಳ ರೈತರು, ಬೆಂಗಳೂರಿಗೇ ಬರಬೇಕಾಗಿದ್ದ ಇನ್ನೊಂದು ಕೊಳವೆಯನ್ನು ಹೆದ್ದಾರಿಯ ಅಂಚಿನಲ್ಲಿ ಒಯ್ಯಿರೆಂದು ಕೇಳಿಕೊಂಡರು. ಅವರ ರಾಜ್ಯ ಸರ್ಕಾರವೂ 2013ರಲ್ಲಿ ಹಾಗೆಯೇ ಹೇಳಿತು. 2016ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ಕಾನೂನು ಸಂಸ್ಥೆಯ ಪರವಾಗಿದೆ ಎಂದು ತೀರ್ಮಾನಿಸಿತು. ಕಾನೂನು ಹಾಗಿದ್ದ ಮೇಲೆ ನ್ಯಾಯಾಲಯ ಬೇರೆ ಹೇಳುವುದು ಕಷ್ಟ. ಕೇರಳದಲ್ಲಿ 2017ರ ನವೆಂಬರ್‌ನಲ್ಲಿ ಮುಕ್ಕಂ ಪ್ರದೇಶದ ಜನ ಬೀದಿಗಿಳಿದ ಮೇಲೆ ಸರ್ಕಾರ ಪರಿಹಾರವನ್ನು ಹೆಚ್ಚಿಸಿತು. ಗಲಾಟೆಯಾದ ಕಡೆ ಹೆಚ್ಚು, ಸುಮ್ಮನಿದ್ದ ಕಡೆ ಕಡಿಮೆ ಎಂಬುದು ಅಹಿಂಸೆಯನ್ನು ಬಯಸುವ ರಾಜ್ಯವು ಪ್ರಜೆಗಳಿಗೆ ಕಲಿಸಬಾರದ ಪಾಠ.

ಇನ್ನು ಅಪಾಯದ ಹಂಚಿಕೆ. ನೈಸರ್ಗಿಕ ಅನಿಲಕ್ಕೆ ತನ್ನದೇ ವಾಸನೆಯಿಲ್ಲ. ಮನೆಗಳಿಗೆ ಹಂಚುವ ಮುನ್ನ ಸೋರಿಕೆ ತಿಳಿಯಲೆಂದು ದುರ್ವಾಸನೆಯ ದ್ರವ್ಯ ಬೆರೆಸುತ್ತಾರೆ. 2014ರ ಜೂನ್ 27ರ ನಸುಕಿನಲ್ಲಿ ಆಂಧ್ರದ ಆಗಿನ ಪೂರ್ವ ಗೋದಾವರಿ ಜಿಲ್ಲೆಯ ನಗರಂ ಗ್ರಾಮದಲ್ಲಿ ಗೇಲ್ ಸಂಸ್ಥೆಯ ಕೊಳವೆಯಿಂದ ಸೋರಿದ ಅನಿಲಕ್ಕೆ ಬೆಂಕಿ ತಗಲಿ 20ಕ್ಕೂ ಹೆಚ್ಚು ಜನ ಸತ್ತರು. ತೆಂಗಿನ ತೋಟಗಳು ಕರಿಕಲಾದವು. ಪಾಲುದಾರಿಕೆಯಲ್ಲಿ ನಷ್ಟಕ್ಕೂ ಎಲ್ಲರೂ ಬಾಧ್ಯರೆಂಬುದು ಸರಿ. ಲಾಭದಲ್ಲಿ ಭಾಗವಿಲ್ಲದೆ ನಷ್ಟದಲ್ಲಿ ಮಾತ್ರ ಭಾಗವಿರುವವನನ್ನು ಯಾವ ಶಾಸನದಡಿ ಪಾಲುದಾರನೆಂದು ನೋಂದಾಯಿಸುವುದು? ಕೊಳವೆಯ ಒಳಗನ್ನು ಪರೀಕ್ಷಿಸುವ ಉಪಕರಣ ಯಾವಾಗ ಓಡಿತು, ಎಲ್ಲಿ ತುಕ್ಕು ಕಂಡಿತು ಎಂಬ ವರದಿಯನ್ನು ಆ ಊರಿನ ಪಂಚಾಯಿತಿಗೆ ಕನ್ನಡದಲ್ಲಿ ಕೊಡುವುದರಿಂದಲಾದರೂ ಪಾಲುದಾರಿಕೆಯನ್ನು ಆರಂಭಿಸಬಹುದು. ಪುಸ್ತಕ ತೋರಿಸುವುದಕ್ಕೆ ಶಾಸನದ ತಿದ್ದುಪಡಿ ಬೇಕಾಗಿಲ್ಲ.

ಕಂಪನಿಗಳ 2013ರ ಅಧಿನಿಯಮದಂತೆ ದೊಡ್ಡ ಸಂಸ್ಥೆಗಳು ಮೂರು ವರ್ಷಗಳ ಸರಾಸರಿ ಲಾಭದ ಶೇಕಡಾ 2ನ್ನು ಸಾಮಾಜಿಕ ಕಾರ್ಯಗಳಿಗೆ ವೆಚ್ಚ ಮಾಡಬೇಕು. ಶಾಲೆಯ ಶೌಚಾಲಯವೂ ನೀರಿನ ಘಟಕವೂ ಈ ಬಾಬಿನಿಂದ ಬರುತ್ತವೆ. ಶಾಸನಕ್ಕೆ ಕೊಡಬೇಕಾದ ಬಾಕಿಯನ್ನು ರೈತನಿಗೆ ತೋರಿಸಿದ ಔದಾರ್ಯವೆಂದು ಬರೆಯುವುದನ್ನು ಲೆಕ್ಕಪರಿಶೋಧಕನು ಕಂಡರೆ ಕೆಂಪು ಶಾಯಿಯಲ್ಲಿ ಗುರುತು ಹಾಕಬೇಕು.

ಮಾದನಾಯಕನಹಳ್ಳಿ, ಪೀಣ್ಯ, ದಾಬಸ್‌ಪೇಟೆಗಳಲ್ಲಿ ಕಾರ್ಖಾನೆ ನಡೆಸುವ ಶ್ರಾವಕರು ಈ ವಿಷಯದಲ್ಲಿ ಬರಿಯ ಪ್ರೇಕ್ಷಕರಲ್ಲ. ಅನಿಲ ಕೊಳ್ಳುವವರು ಅವರು. ಸಾಗಣೆ ದರ ತೆರುವವರೂ ಅವರೇ. ರೈತನಿಗೆ ವಾರ್ಷಿಕ ಬಾಡಿಗೆ ಕೊಟ್ಟರೆ ದರ ಏರುವುದೆಂದು ಅವರಲ್ಲಿ ಕೆಲವರು ಹಿಂಜರಿಯುತ್ತಾರೆ. ಏರಬಹುದು. ಇಂದಿನ ದರವು ಒಬ್ಬ ಪಾಲುದಾರನ ಪಾಲನ್ನು ಬಿಟ್ಟು ಲೆಕ್ಕಹಾಕಿದ ದರ. ಅದು ಅಗ್ಗವಾಗಿ ಕಾಣುವುದಕ್ಕೆ ಅದೂ ಒಂದು ಕಾರಣ. ತಮ್ಮ ಗೋದಾಮಿಗೆ ಬಾಡಿಗೆ ಏರಿಸುವಾಗ ಈ ಹಿಂಜರಿಕೆಯನ್ನು ಯಾರೂ ತೋರಿಸುವುದಿಲ್ಲವೆಂಬುದನ್ನೂ ಗಮನಿಸಬೇಕು.

ಸಾಗಣೆ ದರದ ನಿಯಮಗಳನ್ನು ಬದಲಿಸುವಾಗ ಮಂಡಳಿಯು ಕರಡು ಪ್ರಕಟಿಸಿ ಸಾರ್ವಜನಿಕರ ಅಭಿಪ್ರಾಯ ಕೇಳುತ್ತದೆ. ಅಲ್ಲಿಗೆ ಬರೆಯುವವರು ಹೆಚ್ಚಾಗಿ ಕೊಳವೆಯ ಸಂಸ್ಥೆಗಳು ಮತ್ತು ದೊಡ್ಡ ಗ್ರಾಹಕರು. ತುಮಕೂರು ರಸ್ತೆಯ ಕೈಗಾರಿಕೋದ್ಯಮಿಗಳ ಸಂಘಗಳು ಮುಂದಿನ ಕರಡು ಬಂದಾಗ, ಬಂಡವಾಳಕ್ಕೆ ಕೊಡುವ ಪ್ರತಿಫಲದಂತೆಯೇ ಬಳಕೆಯ ಹಕ್ಕು ತೆತ್ತ ನೆಲಕ್ಕೂ ಒಂದು ವಾರ್ಷಿಕ ಬಾಬನ್ನು ದರದಲ್ಲಿ ಸೇರಿಸಬೇಕೆಂದು ಗ್ರಾಹಕರ ಕಡೆಯಿಂದಲೇ ಬರೆಯಬಹುದು. 1962ರ ಅಧಿನಿಯಮದ ಹತ್ತನೆಯ ಪ್ರಕರಣದಂತೆ, ಪ್ರಾಧಿಕಾರಿಯು ಗೊತ್ತುಮಾಡಿದ ಮೊತ್ತವನ್ನು ಒಪ್ಪದ ರೈತನು ಜಿಲ್ಲಾ ನ್ಯಾಯಾಧೀಶರ ಮುಂದೆ ಹೋಗಬಹುದು. ಈ ಸಂಗತಿ ಅನೇಕರಿಗೆ ಗೊತ್ತಿಲ್ಲ. ಶಿರಾ, ಹಿರಿಯೂರು, ತುಮಕೂರುಗಳಲ್ಲಿ ಜೈನ ವಕೀಲರಿದ್ದಾರೆ, ಬಸದಿಗಳಿವೆ, ಚಾತುರ್ಮಾಸದಲ್ಲಿ ಜನ ಸೇರುವ ಸಭಾಭವನಗಳಿವೆ. ಅಧಿಸೂಚನೆಯ ಪ್ರತಿಯನ್ನು ಕನ್ನಡದಲ್ಲಿ ಓದಿ ಹೇಳಲು ಇಪ್ಪತ್ತೊಂದು ದಿನಗಳಲ್ಲಿ ಒಂದು ಸಂಜೆ ಸಾಕು.